ಪರಾಗದ ಮದ್ದಿಗೆ ಅಳತೆಗೋಲು ಕೊಟ್ಟ ಲಿಯೊನಾರ್ಡ್ ನೂನ್

ನಮ್ಮ ಕಾಸರಗೋಡಿನಂತೆ ಆಂಧ್ರದ ಗೋರಂಟ್ಲವೂ ಗಡಿಸೀಮೆಯ ಊರು. ತೆಲುಗಿನ ನಡುವೆ ಕನ್ನಡ ಆಡುವ ಮನೆಗಳು ಅಲ್ಲಿಯೂ ಇವೆ. ಅಂಥದೊಂದು ಬಂಧುಗಳ ಮನೆಗೆ ನಾವು ಹೋಗಿದ್ದಾಗ ಹೊಲದ ಬದುವಿನುದ್ದಕ್ಕೂ ಕಾಂಗ್ರೆಸ್ ಗಿಡ ಹೂಬಿಟ್ಟಿತ್ತು. ಮನೆಯ ಹುಡುಗ ಉಬ್ಬಸದಿಂದ ರಾತ್ರಿಯಿಡೀ ಕುಳಿತೇ ಇದ್ದ. ಅಲರ್ಜಿಗೆ ಚುಚ್ಚುಮದ್ದು ಇದೆಯಂತೆ, ಕೊಡಿಸೋಣವೇ ಎಂದು ಅವನ ತಾಯಿ ನಮ್ಮನ್ನು ಕೇಳಿದರು. ಆಗ ನಮಗೆ ನೂನರ ನೆನಪಾಯಿತು.

1877ರಲ್ಲಿ ಹುಟ್ಟಿದ ನೂನರು ವೈದ್ಯರಾಗಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಆಲ್ಮ್ರೋತ್ ರೈಟರ ವಿಭಾಗ ಸೇರಿದರು. ಮುಂದೆ ಪೆನಿಸಿಲಿನ್ ಕಂಡ ಫ್ಲೆಮಿಂಗರೂ ಅಲ್ಲಿಯವರೇ. ಹುಲ್ಲಿನ ಪರಾಗದಿಂದ ಸೀನು, ಕಣ್ಣುರಿ ಬರುವುದನ್ನು ಮ್ಯಾಂಚೆಸ್ಟರಿನ ಬ್ಲಾಕ್ಲಿ 1873ರಲ್ಲಿಯೇ ತೋರಿಸಿದ್ದರು. ನೂನರು ಟಿಮೊಥಿ ಎಂಬ ಹುಲ್ಲಿನ ಪರಾಗದ ಸತ್ವ ತೆಗೆದು ರೋಗಿಯ ಕಣ್ಣಿಗೆ ಹನಿ ಬಿಟ್ಟು, ಎಷ್ಟು ತೆಳುವಾದ ಸತ್ವಕ್ಕೆ ಕಣ್ಣು ಕೆಂಪೇರುತ್ತದೆಂದು ಅಳೆದರು. ಬಳಿಕ ಅದನ್ನೇ ಚರ್ಮದಡಿ ಚುಚ್ಚಿ, ದಿನಗಳ ಬಿಡುವು ಕೊಟ್ಟು, ಪ್ರಮಾಣ ಏರಿಸುತ್ತ ಹೋದರು. ಕಣ್ಣು ಕ್ರಮೇಣ ಗಟ್ಟಿ ಸತ್ವವನ್ನೂ ತಾಳತೊಡಗಿತು. ಅವಸರದಿಂದ ಹೆಚ್ಚು ಕೊಟ್ಟರೆ ಬಾಧೆ ಉಲ್ಬಣಿಸುವುದೆಂದೂ ಕಂಡುಕೊಂಡರು. ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು ಪರಾಗದ ಸತ್ವಕ್ಕೆ ನೂನ್ ಯೂನಿಟ್ ಎಂಬ ಹೆಸರೇ ನಿಂತಿತು. 1911ರ ಜೂನಿನಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು.

ಅಷ್ಟರಲ್ಲಿ ಕ್ಷಯ ಹಿಡಿದಿತ್ತು. ಕೆಲಸವನ್ನು ಗೆಳೆಯ ಜಾನ್ ಫ್ರೀಮನ್ ಮುಂದುವರಿಸಿದರು. 1913ರಲ್ಲಿ ನೂನರು ತೀರಿಕೊಂಡಾಗ ವಯಸ್ಸು 35.

ವಿನೋದವೆಂದರೆ, ಅವರ ಮದ್ದು ಸರಿ, ತರ್ಕ ತಪ್ಪು! ಪರಾಗದಲ್ಲಿ ವಿಷವಿದೆಯೆಂದು ಅವರು ನಂಬಿದ್ದರು. ವಿಷವೇನೂ ಇಲ್ಲ, ದೇಹವೇ ಅದನ್ನು ಹಗೆಯೆಂದು ತಿಳಿದು ಐಜಿಇ ಎಂಬ ಪ್ರತಿಕಾಯ ಹುಟ್ಟಿಸುತ್ತದೆಂದು 1960ರ ದಶಕದಲ್ಲಷ್ಟೇ ತಿಳಿಯಿತು. ಚುಚ್ಚುಮದ್ದು ಪಡೆದವರಲ್ಲಿ ಪರಾಗವನ್ನು ಮೊದಲೇ ಹಿಡಿದು ತಡೆಯುವ ಐಜಿಜಿ4 ಪ್ರತಿಕಾಯಗಳು ಏರುತ್ತವೆ. ಉದ್ರೇಕ ತಣಿಸುವ ಟಿ ಜೀವಕೋಶಗಳೂ ಬಲಗೊಳ್ಳುತ್ತವೆ. ರೋಗನಿರೋಧಕ ಶಕ್ತಿ ಕುಂದೀತೆಂಬ ಭಯ ಬೇಡ. ಆ ಒಂದು ವಸ್ತುವಿನ ಮೇಲಿನ ಹಗೆತನವಷ್ಟೇ ಇಳಿಯುವುದು. ಅದಕ್ಕೂ ಸಾಮಾನ್ಯವಾಗಿ ಮೂರು ವರ್ಷಗಳ ಮದ್ದು ಬೇಕು.

ಆದರೆ ಉಬ್ಬಸದವರಿಗೆ ಅಪಾಯವುಂಟು. 1957ರಿಂದೀಚೆಗೆ ಈ ಚುಚ್ಚುಮದ್ದಿನಿಂದ 26 ಸಾವು ಸಂಭವಿಸಿದ್ದನ್ನು ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 1986ರಲ್ಲಿ ವರದಿಮಾಡಿತು. ವಿವರ ದೊರೆತವರಲ್ಲಿ ಹೆಚ್ಚಿನವರು ಉಬ್ಬಸದವರೇ.

ಆದ್ದರಿಂದ ಆ ತಾಯಿಗೆ ನಾವು ಹೇಳಿದ್ದು ಇಷ್ಟು: ಮೊದಲು ಇನ್‌ಹೇಲರಿನಿಂದ ಉಬ್ಬಸ ಹತೋಟಿಗೆ ಬರಲಿ. ಯಾವುದರ ಅಲರ್ಜಿಯೆಂದು ಚರ್ಮದ ಪರೀಕ್ಷೆಯಾಗಲಿ. ಕಾಂಗ್ರೆಸ್ ಗಿಡವೇ ಎಂದು ನಾವೇ ತೀರ್ಮಾನಿಸುವುದು ಬೇಡ. ಚುಚ್ಚಿಸುವುದಾದರೆ ತಜ್ಞರಿರುವ ಆಸ್ಪತ್ರೆಯಲ್ಲಿಯೇ. ಚುಚ್ಚಿದ ಮೇಲೆ ಅರ್ಧ ಗಂಟೆಯಾದರೂ ಅಲ್ಲೇ ಕುಳಿತಿರಬೇಕು, ಬಸ್ಸು ತಪ್ಪಿದರೂ ಸರಿಯೇ.