ಕಾಲ್ಚೆಂಡಾಟದ ಗುರು ರಹೀಮ್

ಭಾರತದ ಕಾಲ್ಚೆಂಡಾಟದ ಚರಿತ್ರೆಯಲ್ಲಿ ಸೈಯದ್ ಅಬ್ದುಲ್ ರಹೀಮ್ ಅವರ ಹೆಸರು ಚಿರಸ್ಮರಣೀಯವಾದುದು. ಅವರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ ಶಾಲಾ ಉಪಾಧ್ಯಾಯರಾದರು. ವ್ಯಾಯಾಮ ಶಿಕ್ಷಣದಲ್ಲಿಯೂ ತರಬೇತಿ ಪಡೆದರು. ತರಗತಿಯ ಶಿಸ್ತನ್ನು ಅವರು ಮೈದಾನಕ್ಕೂ ಕೊಂಡೊಯ್ದರು. ಅವರು ತಿದ್ದಿ ಬೆಳೆಸಿದ ಹೈದರಾಬಾದ್ ನಗರ ಪೊಲೀಸ್ ತಂಡವು 1950ರಿಂದ ಸತತವಾಗಿ ಐದು ವರ್ಷ ರೋವರ್ಸ್ ಕಪ್ಪನ್ನು ಗೆದ್ದಿತು.

1951ರಲ್ಲಿ ದೆಹಲಿಯಲ್ಲಿ ಪ್ರಥಮ ಏಷ್ಯಾ ಕ್ರೀಡಾಕೂಟ ನಡೆಯಿತು. ರಹೀಮರ ಮಾರ್ಗದರ್ಶನದಲ್ಲಿ ಭಾರತವು ಇರಾನನ್ನು ಸೋಲಿಸಿ ಚಿನ್ನದ ಪದಕ ಪಡೆಯಿತು. ಆದರೆ ಮರುವರ್ಷವೇ ಹೆಲ್ಸಿಂಕಿಯ ಒಲಿಂಪಿಕ್ ಕೂಟದಲ್ಲಿ ಕಹಿ ಅನುಭವ ಕಾದಿತ್ತು. ಅಪರಿಚಿತವಾದ ಚಳಿಯಲ್ಲಿ ನಮ್ಮ ಹಲವು ಆಟಗಾರರು ಬರಿಗಾಲಿನಲ್ಲಿ ಆಡಿದರು. ಯುಗೋಸ್ಲಾವಿಯ ಹತ್ತು ಗೋಲು ಹೊಡೆಯಿತು. ಭಾರತಕ್ಕೆ ದೊರೆತ ಒಂದೇ ಗೋಲು ಬೆಂಗಳೂರಿನ ಅಹಮದ್ ಖಾನರದು.

ರಹೀಮರು ಸೋಲಿನಿಂದ ಎದೆಗುಂದಲಿಲ್ಲ. ಅದನ್ನೇ ಪಾಠವಾಗಿ ಸ್ವೀಕರಿಸಿದರು. ಆಟಗಾರರು ಬೂಟು ಧರಿಸುವುದು ಕಡ್ಡಾಯವಾಯಿತು. ಚೆಂಡನ್ನು ಒಬ್ಬನೇ ಉರುಳಿಸಿಕೊಂಡು ಹೋಗದೆ ಒಡನೆಯೇ ಜೊತೆಗಾರನಿಗೆ ದಾಟಿಸುವುದನ್ನು ಅವರು ಕಲಿಸಿದರು. ದುರ್ಬಲವಾದ ಕಾಲಿನಿಂದಲೇ ಚೆಂಡನ್ನು ಒದೆಯಬೇಕೆಂಬ ನಿಯಮದ ಪಂದ್ಯಗಳನ್ನು ಏರ್ಪಡಿಸಿದರು. ಈ ಸಾಧನೆ ವ್ಯರ್ಥವಾಗಲಿಲ್ಲ. 1956ರಲ್ಲಿ ಮೆಲ್ಬೋರ್ನಿನಲ್ಲಿ ಭಾರತವು ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ, ಒಲಿಂಪಿಕ್ ಕಾಲ್ಚೆಂಡಾಟದ ಉಪಾಂತ್ಯಕ್ಕೇರಿದ ಏಷ್ಯದ ಮೊದಲ ರಾಷ್ಟ್ರವೆನಿಸಿತು. ಅಲ್ಲಿ ಮತ್ತೆ ಎದುರಾದ ಯುಗೋಸ್ಲಾವಿಯದ ಮೇಲೆ ಮೊದಲ ಗೋಲನ್ನು ಹೊಡೆದುದೂ ಭಾರತವೇ. ಕೊನೆಗೆ 4–1ರಿಂದ ಸೋತರೂ ಹೆಲ್ಸಿಂಕಿಯ ಅಪಮಾನ ಅಳಿಯಿತು. 1960ರಲ್ಲಿ ರೋಮಿನಲ್ಲಿ ಬಲಿಷ್ಠ ಫ್ರಾನ್ಸಿನೊಡನೆ ಭಾರತವು ಸಮ ಮಾಡಿಕೊಂಡಿತು. ಕನ್ನಡ ನಾಡಿನ ಕೆಂಪಯ್ಯನವರು ಈ ಎರಡೂ ಒಲಿಂಪಿಕ್ ತಂಡಗಳಲ್ಲಿದ್ದರು.

1962ರ ಏಷ್ಯಾ ಕ್ರೀಡಾಕೂಟಕ್ಕಾಗಿ ತಂಡದೊಡನೆ ಜಕಾರ್ತಕ್ಕೆ ತೆರಳಿದಾಗ ರಹೀಮರ ಶರೀರವನ್ನು ಶ್ವಾಸಕೋಶದ ಕ್ಯಾನ್ಸರ್ ಆವರಿಸಿತ್ತು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯ 2–0ರಿಂದ ಗೆದ್ದಿತು. ಮುಂದಿನ ಪಂದ್ಯದಲ್ಲಿ ರಕ್ಷಣಾ ಆಟಗಾರ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ರಹೀಮರು ಧೃತಿಗೆಡದೆ, ಉಪಾಂತ್ಯದಲ್ಲಿ ಅವರನ್ನೇ ಮುಂಚೂಣಿಯಲ್ಲಿ ನಿಲ್ಲಿಸಿದರು. ಸೆಪ್ಟೆಂಬರ್ 4ರಂದು ಅಂತಿಮ ಪಂದ್ಯದಲ್ಲಿ ಮತ್ತೆ ಕೊರಿಯವೇ ಎದುರಾಳಿ. ಕ್ರೀಡಾಂಗಣದಲ್ಲಿ ಕಿಕ್ಕಿರಿದ ಜನಸ್ತೋಮ ಭಾರತದ ವಿರುದ್ಧ ಕೂಗುತ್ತಿತ್ತು. ಪಿ.ಕೆ. ಬ್ಯಾನರ್ಜಿಯವರೂ ಜರ್ನೈಲರೂ ಒಂದೊಂದು ಗೋಲು ಹೊಡೆದರು. ಭಾರತ 2–1ರಿಂದ ಗೆದ್ದು ಚಿನ್ನ ತಂದಿತು.

ಒಂಬತ್ತು ತಿಂಗಳ ಬಳಿಕ, 1963ರ ಜೂನ್ 11ರಂದು ರಹೀಮರು ನಿಧನ ಹೊಂದಿದರು. ಅವರು ಸಂಪತ್ತನ್ನು ಬಿಟ್ಟುಹೋಗಲಿಲ್ಲ. ಒಂದು ವಿದ್ಯೆಯನ್ನು ಬಿಟ್ಟುಹೋದರು. ಇಂದು ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಶಾಲಾ ಮೈದಾನದಲ್ಲಿ ಬಾಲಕನಾಗಲಿ ಬಾಲಕಿಯಾಗಲಿ ತನ್ನ ದುರ್ಬಲವಾದ ಕಾಲನ್ನು ಪಳಗಿಸಿಕೊಳ್ಳಲು ಮತ್ತೆ ಮತ್ತೆ ಚೆಂಡನ್ನು ಒದೆಯುವಾಗ, ಆ ಉಪಾಧ್ಯಾಯರ ಪಾಠ ಮುಂದುವರಿಯುತ್ತದೆ.