ಬಾನಿನ ಕನ್ನಡಿಯನ್ನು ಅಳೆದ ಎಡ್ವರ್ಡ್ ಆಪಲ್ಟನ್

ನಮ್ಮ ಕಾಸರಗೋಡು ಸೀಮೆಯ ಹಳೆಯ ಮನೆಗಳಲ್ಲಿ ಬೆಳೆದವರು ಒಂದು ಅನುಭವವನ್ನು ಮರೆತಿರಲಾರರು. ಚಾವಡಿಯ ಮೂಲೆಯಲ್ಲಿ ರೇಡಿಯೋ, ಅದರ ಬೆನ್ನಿನಿಂದ ಹೊರಟು ಅಂಗಳದ ತೆಂಗಿನ ಮರಕ್ಕೆ ಬಿಗಿದ ಏರಿಯಲ್ ತಂತಿ. ಹಗಲು ಹೊತ್ತು ಮುಳ್ಳನ್ನು ಎಷ್ಟು ತಿರುಗಿಸಿದರೂ ಗಟ್ಟಿಯಾಗಿ ಕೇಳಿಸುತ್ತಿದ್ದುದು ಕಲ್ಲಿಕೋಟೆಯ ನಿಲಯ. ಧಾರವಾಡ, ಬೆಂಗಳೂರುಗಳ ಕನ್ನಡವೋ, ಬಾವಿಯ ತಳದಿಂದ ಯಾರೋ ಮಾತಾಡಿದ ಹಾಗೆ. ಎಷ್ಟೋ ದಿನ ಅದೂ ಇಲ್ಲ. ಆದರೆ ಹೊತ್ತು ಮುಳುಗಿ ದೀಪ ಹಚ್ಚಿದ ಮೇಲೆ ಅದೇ ರೇಡಿಯೋ, ಅದೇ ತಂತಿ, ಧಾರವಾಡದ ದನಿಯನ್ನು ಪಕ್ಕದ ಮನೆಯಿಂದ ಬಂದಂತೆ ಕೇಳಿಸುತ್ತಿತ್ತು. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾಗುವವರೆಗೆ ನಮ್ಮ ಎಷ್ಟೋ ಮನೆಗಳಿಗೆ ಬಾನುಲಿಯ ಕನ್ನಡವೆಂದರೆ ಇರುಳಿನ ಕನ್ನಡವೇ ಆಗಿತ್ತು.

ಆ ಸುಖಕ್ಕೂ ಒಂದು ಕೊರತೆಯಿತ್ತು. ವಾರ್ತೆ ಓದುವವರ ದನಿ ಏರುವುದು, ಇಳಿಯುವುದು, ಒಮ್ಮೊಮ್ಮೆ ಪೂರಾ ಅಡಗುವುದು. ವಾಕ್ಯದ ತಲೆ ಸಿಕ್ಕಿದರೆ ಬಾಲ ಸಿಗದು. ಮನೆಯ ಹಿರಿಯರು ರೇಡಿಯೋದ ತಲೆಗೆ ಎರಡು ತಟ್ಟುತ್ತಿದ್ದರು, ಮಕ್ಕಳನ್ನು ಏರಿಯಲ್ ಸರಿಪಡಿಸಲು ಅಟ್ಟುತ್ತಿದ್ದರು. ತಪ್ಪು ರೇಡಿಯೋದ್ದೂ ಅಲ್ಲ, ತಂತಿಯದ್ದೂ ಅಲ್ಲ ಎಂಬುದು ನಮಗೆ ತಿಳಿದದ್ದು ಬಹಳ ಕಾಲದ ಮೇಲೆ. ಹಗಲಿಲ್ಲದ ದನಿ ಇರುಳು ಏಕೆ ಬರುತ್ತದೆ, ಬಂದದ್ದು ಏಕೆ ತೂಗುಯ್ಯಾಲೆಯಾಡುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಹಿಡಿದು ಕೂತು, ಉತ್ತರವನ್ನು ಅಳತೆಯ ಸಮೇತ ಲೋಕಕ್ಕೆ ಕೊಟ್ಟವರು ಇಂಗ್ಲೆಂಡಿನ ವಿಜ್ಞಾನಿ ಸರ್ ಎಡ್ವರ್ಡ್ ವಿಕ್ಟರ್ ಆಪಲ್ಟನ್. ಅವರ ಜೀವನವನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಬಾಲ್ಯ ಮತ್ತು ಯುದ್ಧ

ಆಪಲ್ಟನ್ ಹುಟ್ಟಿದ್ದು 1892ರ ಸೆಪ್ಟೆಂಬರ್ 6ರಂದು, ಉತ್ತರ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ. ಅದು ಉಣ್ಣೆಯ ಗಿರಣಿಗಳ ಊರು. ತಂದೆ ಉಗ್ರಾಣವೊಂದರಲ್ಲಿ ದುಡಿಯುತ್ತಿದ್ದವರು. ಮನೆತನದಲ್ಲಿ ಆಸ್ತಿಯಾಗಲಿ ವಿದ್ವತ್ತಾಗಲಿ ಇರಲಿಲ್ಲ. ಹುಡುಗ ಓದಿನಲ್ಲಿ ಚುರುಕಾಗಿದ್ದುದರಿಂದ ವಿದ್ಯಾರ್ಥಿವೇತನಗಳು ಕೈಹಿಡಿದವು. ಊರಿನ ಹ್ಯಾನ್ಸನ್ ಶಾಲೆಯಲ್ಲಿ ಕಲಿತು ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿಗೆ ಸೇರಿದ ಅವರು 1914ರಲ್ಲಿ ಭೌತಶಾಸ್ತ್ರದಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದರು. ಹರಳುಗಳ ಮೇಲೆ ಸಂಶೋಧನೆಯನ್ನೂ ಆರಂಭಿಸಿದ್ದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂತು.

ಯುದ್ಧದಲ್ಲಿ ಅವರು ಕಾಲಾಳು ಪಡೆಗೆ ಸೇರಿ, ಮುಂದೆ ಸೈನ್ಯದ ಇಂಜಿನಿಯರ್ ವಿಭಾಗದಲ್ಲಿ ಸಂಪರ್ಕಾಧಿಕಾರಿಯಾದರು. ಅಲ್ಲಿ ಅವರ ಕೈಗೆ ಬಂದದ್ದು ಆಗ ಹೊಸದಾಗಿದ್ದ ವಾಲ್ವು ಮತ್ತು ನಿಸ್ತಂತು ಸಂದೇಶದ ಉಪಕರಣಗಳು. ಯುದ್ಧ ಮುಗಿಸಿ ಕೇಂಬ್ರಿಜ್‌ಗೆ ಮರಳಿದಾಗ ಹಳೆಯ ಹರಳುಗಳನ್ನು ಬದಿಗಿಟ್ಟು, ರೇಡಿಯೋ ಅಲೆಗಳ ಬೆನ್ನು ಹತ್ತಿದರು.

ದೂರದ ದನಿಯ ಹುಚ್ಚು

ಅದು ದೂರದ ನಿಲಯಗಳಿಗೆ ಕಿವಿಗೊಡುವ ಹವ್ಯಾಸ ಹುಟ್ಟಿಕೊಂಡ ಕಾಲ. 1901ರ ಡಿಸೆಂಬರ್‌ನಲ್ಲಿ ಮಾರ್ಕೋನಿಯವರು ಇಂಗ್ಲೆಂಡಿನಿಂದ ಕಳುಹಿಸಿದ ಸಂಕೇತವನ್ನು ಅಟ್ಲಾಂಟಿಕ್ ಸಾಗರದಾಚೆ ಹಿಡಿದದ್ದಾಗಿ ಸಾರಿದ್ದರು. 1921ರ ಡಿಸೆಂಬರ್‌ನಲ್ಲಿ ಅಮೆರಿಕದ ಹವ್ಯಾಸಿ ಪಾಲ್ ಗಾಡ್ಲಿ ಸ್ಕಾಟ್ಲೆಂಡಿನ ಆರ್ಡ್ರೊಸನ್ ಎಂಬಲ್ಲಿ ಕಡಲ ದಂಡೆಯ ಬಯಲಿನಲ್ಲಿ ಡೇರೆ ಹಾಕಿ, ತಂತಿ ಎಳೆದು, ಚಳಿಯಲ್ಲಿ ರಾತ್ರಿಯಿಡೀ ಕೂತು, ತನ್ನ ದೇಶದ ಹವ್ಯಾಸಿಗಳ ಸಂಕೇತಗಳನ್ನು ಕೇಳಿದರು. ಮರುವರ್ಷ, 1922ರ ನವೆಂಬರ್‌ನಲ್ಲಿ, ಬಿ.ಬಿ.ಸಿ. ಪ್ರಸಾರ ಆರಂಭಿಸಿತು. ಮನೆಮನೆಗಳಲ್ಲಿ ಜನ ರಾತ್ರಿ ನಿದ್ದೆಗೆಟ್ಟು ಮುಳ್ಳು ತಿರುಗಿಸಿ, ಯಾವ ಹೊತ್ತಿಗೆ ಯಾವ ಊರಿನ ನಿಲಯ ಸಿಕ್ಕಿತು ಎಂದು ಪುಸ್ತಕದಲ್ಲಿ ಬರೆದಿಡತೊಡಗಿದರು. ನಿಲಯಕ್ಕೆ ಕಾಗದ ಬರೆದು, ಕೇಳಿದ್ದು ನಿಜವೆಂದು ಅಲ್ಲಿಂದ ಬಂದ ಕಾರ್ಡನ್ನು ಜೋಪಾನವಾಗಿ ತೆಗೆದಿಡುವ ಪದ್ಧತಿಯೂ ಬೆಳೆಯಿತು.

ಆದರೆ ಇದೆಲ್ಲ ಹೇಗೆ ಸಾಧ್ಯ? ಬೆಳಕಿನಂತೆ ರೇಡಿಯೋ ಅಲೆಯೂ ನೇರ ಸಾಗುವಂಥದು, ಭೂಮಿಯೋ ಗುಂಡಗಿದೆ. ದೂರದ ಅಲೆ ಬಾನಿಗೆ ಹಾರಿ ಕಳೆದುಹೋಗಬೇಕಿತ್ತು. ಅಮೆರಿಕದಲ್ಲಿ ಕೆನೆಲಿ, ಇಂಗ್ಲೆಂಡಿನಲ್ಲಿ ಹೆವಿಸೈಡ್ ಎಂಬಿಬ್ಬರು 1902ರಲ್ಲಿ ಬೇರೆಬೇರೆಯಾಗಿಯೇ ಒಂದು ಊಹೆ ಮುಂದಿಟ್ಟರು. ವಾತಾವರಣದ ಮೇಲ್ಗಡೆ ವಿದ್ಯುತ್ತನ್ನು ಹರಿಯಗೊಡುವ ಪದರವೊಂದಿದ್ದು, ಅದು ಅಲೆಗಳನ್ನು ಕನ್ನಡಿಯಂತೆ ಕೆಳಕ್ಕೆ ಮರಳಿಸುತ್ತಿರಬೇಕು ಎಂಬುದೇ ಆ ಊಹೆ. ಇಪ್ಪತ್ತು ವರ್ಷ ಕಳೆದರೂ ಅದು ಊಹೆಯಾಗಿಯೇ ಉಳಿಯಿತು. ಕಂಡವರಿಲ್ಲ, ಅಳೆದವರಿಲ್ಲ.

ಕೇಂಬ್ರಿಜ್‌ನಲ್ಲಿ ಆಪಲ್ಟನ್ನರು ಲಂಡನ್ ನಿಲಯದ ಅಲೆಯ ಬಲವನ್ನು ಅಳೆಯುತ್ತಿದ್ದರು. ಹಗಲಿಡೀ ಅದು ಒಂದೇ ಸಮನೆ ಇರುತ್ತಿತ್ತು, ಕತ್ತಲಾದೊಡನೆ ಏರಿಳಿಯತೊಡಗುತ್ತಿತ್ತು. ಕೇಳುಗರೆಲ್ಲ ಶಪಿಸುತ್ತಿದ್ದ ಈ ಪೀಡೆಯಲ್ಲಿ ಅವರಿಗೆ ಒಂದು ಸುಳಿವು ಕಂಡಿತು. ದೇವಸ್ಥಾನದ ಕೆರೆಗೆ ಎರಡು ಕಲ್ಲು ಎಸೆದರೆ ಅಲೆಗಳು ಒಂದನ್ನೊಂದು ಸಂಧಿಸುವಲ್ಲಿ ಕೆಲವೆಡೆ ನೀರು ಉಬ್ಬುತ್ತದೆ, ಕೆಲವೆಡೆ ಸಮವಾಗುತ್ತದೆ. ಹಾಗೆಯೇ ರಾತ್ರಿ ಹೊತ್ತು ನೆಲ ಹಿಡಿದು ಬಂದ ಅಲೆಯೊಂದು, ಬಾನಿಗೆ ತಾಗಿ ಮರಳಿದ ಅಲೆಯೊಂದು ರೇಡಿಯೋದಲ್ಲಿ ಕೂಡುತ್ತಿರಬಹುದು. ಎರಡೂ ಜತೆಯಾದರೆ ದನಿ ಏರುತ್ತದೆ, ಎದುರುಬದುರಾದರೆ ಅಡಗುತ್ತದೆ. ಹಾಗಿದ್ದರೆ ಈ ಏರಿಳಿತವನ್ನೇ ಅಳತೆಗೋಲಾಗಿ ಮಾಡಬಾರದೇಕೆ?

ಬೋರ್ನ್‌ಮತ್‌ನ ರಾತ್ರಿ

1924ರಲ್ಲಿ ಆಪಲ್ಟನ್ನರು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ವಯಸ್ಸು ಇನ್ನೂ 32. ನ್ಯೂಜಿಲೆಂಡಿನಿಂದ ಬಂದಿದ್ದ ಮೈಲ್ಸ್ ಬಾರ್ನೆಟ್ ಎಂಬ ಸಂಶೋಧನ ವಿದ್ಯಾರ್ಥಿ ಅವರಿಗೆ ಜತೆಯಾದರು. ದಕ್ಷಿಣ ಕರಾವಳಿಯ ಬೋರ್ನ್‌ಮತ್‌ನಲ್ಲಿದ್ದ ಬಿ.ಬಿ.ಸಿ.ಯ ಪ್ರೇಷಕವನ್ನು ಅವರಿಗೆ ಬಳಸಲು ಕೊಡಲಾಯಿತು. ಕಾರ್ಯಕ್ರಮ ನಡೆಯುತ್ತಿರುವಾಗ ಅಲೆಯನ್ನು ಬದಲಿಸಿದರೆ ಕೇಳುಗರು ಸುಮ್ಮನಿರಲಾರರಷ್ಟೆ. ಆದುದರಿಂದ ಪ್ರಯೋಗಕ್ಕೆ ಆರಿಸಿದ್ದು ದಿನದ ಪ್ರಸಾರವೆಲ್ಲ ಮುಗಿದ ನಂತರದ ನಡುರಾತ್ರಿಯ ಹೊತ್ತು.

1924ರ ಡಿಸೆಂಬರ್ 11ರ ರಾತ್ರಿ ಬೋರ್ನ್‌ಮತ್‌ನಲ್ಲಿ ಪ್ರೇಷಕದ ತರಂಗಾಂತರವನ್ನು, ಎಂದರೆ ಅಲೆಯ ಉದ್ದವನ್ನು, ನಿಧಾನವಾಗಿ ಬದಲಿಸುತ್ತ ಹೋದರು. ನೂರು ಕಿಲೋಮೀಟರಿಗೂ ಆಚೆ, ಆಕ್ಸ್‌ಫರ್ಡ್‌ನಲ್ಲಿ, ಆಪಲ್ಟನ್ ಮತ್ತು ಬಾರ್ನೆಟ್ ಅಲೆಯ ಬಲವನ್ನು ನೋಡುತ್ತಿದ್ದರು. ಬಲ ಕ್ರಮವಾಗಿ ಏರಿತು, ಇಳಿಯಿತು, ಮತ್ತೆ ಏರಿತು. ನೆಲದ ದಾರಿಗೂ ಬಾನಿನ ದಾರಿಗೂ ಇರುವ ಉದ್ದದ ವ್ಯತ್ಯಾಸದಲ್ಲಿ ಎಷ್ಟು ಅಲೆಗಳು ಹಿಡಿಸುತ್ತವೆ ಎಂಬುದು ತರಂಗಾಂತರವನ್ನು ಹೊಂದಿಕೊಂಡಿದೆ. ತರಂಗಾಂತರ ಇಷ್ಟು ಬದಲಾದಾಗ ಏರಿಳಿತ ಎಷ್ಟು ಸಲ ಆಯಿತೆಂದು ಎಣಿಸಿದರೆ ಆ ವ್ಯತ್ಯಾಸ ಸಿಗುತ್ತದೆ. ಅದರಿಂದ ಪದರದ ಎತ್ತರ ಸಿಗುತ್ತದೆ. ಲೆಕ್ಕ ಹಾಕಿದಾಗ ಬಂದದ್ದು ನೆಲದಿಂದ ಸುಮಾರು 90ರಿಂದ 100 ಕಿಲೋಮೀಟರ್. ರೇಡಿಯೋ ಅಲೆಯನ್ನು ಕಳುಹಿಸಿ, ಮರಳಿ ಬಂದುದರಿಂದ ದೂರವನ್ನು ಅಳೆದ ಮೊದಲ ಪ್ರಯೋಗಗಳಲ್ಲಿ ಇದೂ ಒಂದು. ಮುಂದೆ ವಿಮಾನಗಳನ್ನು ಪತ್ತೆ ಹಚ್ಚಿದ ರೇಡಾರ್ ಕೂಡ ಈ ವಂಶದ್ದೇ.

ಈ ಫಲಿತಾಂಶ 1925ರ ಮಾರ್ಚ್ 7ರ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಆ ಪದರವನ್ನು ಊಹಿಸಿದ್ದ ಹೆವಿಸೈಡ್ ಬಡತನದಲ್ಲಿ, ಒಂಟಿಯಾಗಿ ಬಾಳಿ, ಅದೇ ವರ್ಷದ ಫೆಬ್ರವರಿ 3ರಂದು 74ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಒಂದು ತಿಂಗಳ ಅಂತರದಲ್ಲಿ ಆ ಅಚ್ಚಾದ ಹಾಳೆ ಅವರ ಪಾಲಿಗೆ ಇಲ್ಲವಾಯಿತು.

ಪದರದ ಮೇಲೆ ಪದರ

ಆಪಲ್ಟನ್ ಅಷ್ಟಕ್ಕೆ ನಿಲ್ಲಲಿಲ್ಲ. ಕೆಲವು ರಾತ್ರಿಗಳಲ್ಲಿ, ಬೆಳಗಿನ ಜಾವಕ್ಕೆ ಮೊದಲು, ಅಲೆಗಳು ಕೆಳಗಿನ ಪದರವನ್ನು ತೂರಿಕೊಂಡು ಇನ್ನೂ ಮೇಲಿನಿಂದ ಮರಳುವುದು ಕಂಡಿತು. ಹೀಗೆ 1926–27ರ ವೇಳೆಗೆ 200 ಕಿಲೋಮೀಟರಿಗೂ ಮೇಲೆ ಎರಡನೆಯ ಪದರವೊಂದು ಪತ್ತೆಯಾಯಿತು. ಅದಕ್ಕೆ ಅವರದೇ ಹೆಸರು ಬಂತು. ಅವರು ಮಾತ್ರ ಅಕ್ಷರಗಳಿಂದ ಕರೆದರು. ಮರಳಿ ಬಂದ ಅಲೆಯ ವಿದ್ಯುತ್ ಕ್ಷೇತ್ರಕ್ಕೆ ಟಿಪ್ಪಣಿಗಳಲ್ಲಿ ‘ಇ’ ಎಂದು ಬರೆಯುತ್ತಿದ್ದುದರಿಂದ ಮೊದಲನೆಯದು ಇ ಪದರ, ಮೇಲಿನದು ಎಫ್ ಪದರ. ಕೆಳಗೆ ಇನ್ನೂ ಯಾವುದಾದರೂ ಸಿಕ್ಕೀತೆಂದು ಮುಂಚಿನ ಅಕ್ಷರಗಳನ್ನು ಬಿಟ್ಟಿದ್ದರು. ಸಿಕ್ಕಿತು ಕೂಡ, ಅದೇ ಡಿ ಪದರ.

ನಮ್ಮ ಚಾವಡಿಯ ಒಗಟನ್ನು ಬಿಡಿಸುವುದು ಈ ಡಿ ಪದರವೇ. ಸೂರ್ಯನ ಕಿರಣಗಳು ಮೇಲಿನ ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸುವುದರಿಂದ ಈ ಪದರಗಳೆಲ್ಲ ಉಂಟಾಗುತ್ತವೆ. ಇವುಗಳ ಒಟ್ಟು ಹೆಸರು ಅಯಾನುಗೋಳ. ಎಲ್ಲಕ್ಕಿಂತ ಕೆಳಗಿರುವ ಡಿ ಪದರ ಹಗಲು ಹೊತ್ತು ಮಧ್ಯಮ ತರಂಗದ ಅಲೆಗಳನ್ನು ನುಂಗಿಬಿಡುತ್ತದೆ. ಆಗ ನಮ್ಮ ಪಾಲಿಗೆ ನೆಲ ಹಿಡಿದು ಬಂದ ಅಲೆಯಷ್ಟೇ ಉಳಿಯುತ್ತದೆ. ಅಲ್ಲಿ ಗಾಳಿ ದಟ್ಟವಾಗಿರುವುದರಿಂದ ಸೂರ್ಯ ಮುಳುಗಿದೊಡನೆ ಬಿಡಿಯಾದ ಎಲೆಕ್ಟ್ರಾನುಗಳು ಮತ್ತೆ ಕೂಡಿಕೊಂಡು ಡಿ ಪದರ ಕರಗುತ್ತದೆ. ಅಲೆಗಳಿಗೆ ಮೇಲಿನ ಕನ್ನಡಿಯವರೆಗೆ ದಾರಿ ತೆರೆಯುತ್ತದೆ. ಘಟ್ಟದಾಚೆಯ ಧಾರವಾಡದಿಂದ ಹೊರಟ ದನಿ ಘಟ್ಟವನ್ನು ಹತ್ತಿ ಇಳಿಯದೆ, ಬಾನಿಗೆ ತಾಗಿ, ನಮ್ಮ ತೆಂಗಿನ ಮರದ ತಂತಿಗೆ ಇಳಿಯುತ್ತಿದ್ದುದು ಹೀಗೆ.

ಆಮೇಲಿನ ಬದುಕು

1932–33ರ ಅಂತಾರಾಷ್ಟ್ರೀಯ ಧ್ರುವ ವರ್ಷದಲ್ಲಿ ಆಪಲ್ಟನ್ನರು ನಾರ್ವೆಯ ಟ್ರೋಮ್ಸೋಗೆ ತಂಡ ಕಟ್ಟಿಕೊಂಡು ಹೋಗಿ, ಭೂಮಿಯ ಕಾಂತಬಲದಲ್ಲಿ ಕೋಲಾಹಲವೆದ್ದಾಗ ಅಯಾನುಗೋಳ ಹೇಗೆ ಕಲಕುತ್ತದೆಂದು ನೋಡಿದರು. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಕುಗ್ಗುವುದಕ್ಕೂ ಪದರಗಳ ಬಲಕ್ಕೂ ಇರುವ ನಂಟನ್ನು ತೋರಿಸಿದರು. 1936ರಲ್ಲಿ ಕೇಂಬ್ರಿಜ್‌ಗೆ ಪ್ರಾಧ್ಯಾಪಕರಾಗಿ ಮರಳಿ, 1939ರಲ್ಲಿ ಸರಕಾರದ ವಿಜ್ಞಾನ ಮತ್ತು ಕೈಗಾರಿಕಾ ಸಂಶೋಧನ ಇಲಾಖೆಯ ಕಾರ್ಯದರ್ಶಿಯಾದರು. ಎರಡನೆಯ ಮಹಾಯುದ್ಧದ ಆ ವರ್ಷಗಳಲ್ಲಿ ಬ್ರಿಟನ್ನಿನ ಪರಮಾಣು ಬಾಂಬಿನ ಗುಟ್ಟಿನ ಸಂಶೋಧನೆಯೂ ಅವರ ಇಲಾಖೆಯ ಕೆಳಗೆ ನಡೆಯಿತು. ಬಾನಿನ ದನಿಗೆ ಕಿವಿಗೊಟ್ಟು ಕೂತಿದ್ದವರ ಹೆಗಲಿಗೆ ಕಾಲ ಹೊರಿಸಿದ ಹೊರೆ ಅದು. 1947ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂತು.

ನಮ್ಮ ದೇಶಕ್ಕೂ ಅವರ ಕೆಲಸಕ್ಕೂ ನೇರ ಸಂಬಂಧವಿದೆ. ಕಲಕತ್ತೆಯಲ್ಲಿ ಶಿಶಿರ ಕುಮಾರ ಮಿತ್ರರೂ ಅವರ ಶಿಷ್ಯರೂ ಇದೇ ಪದರಗಳನ್ನು ನಮ್ಮ ಆಕಾಶದಲ್ಲಿ ಹುಡುಕಿ ಅಳೆದರು. 1947ರಲ್ಲಿ ಮಿತ್ರರು ಹೊರತಂದ ಗ್ರಂಥವನ್ನು ಜಗತ್ತಿನಾದ್ಯಂತ ವಿಜ್ಞಾನಿಗಳು ಓದಿದರು. ಇನ್ನು, ಬಿಸಿಲು ನೆತ್ತಿಯ ಮೇಲಿರುವ ಸಮಭಾಜಕದ ಕಡೆ ಎಫ್ ಪದರ ಎಲ್ಲಕ್ಕಿಂತ ದಟ್ಟವಾಗಿರಬೇಕೆಂದು ಯಾರೂ ತಿಳಿಯುವರು. ಹಾಗಲ್ಲ, ಕಾಂತೀಯ ಸಮಭಾಜಕದ ಮೇಲೆ ಅದು ತಗ್ಗಾಗಿದ್ದು, ಅದರ ಉತ್ತರ ದಕ್ಷಿಣಗಳಲ್ಲಿ ಉಬ್ಬಿರುತ್ತದೆ ಎಂದು 1946ರಲ್ಲಿ ಆಪಲ್ಟನ್ ತೋರಿಸಿದರು. ಆ ಕಾಂತೀಯ ರೇಖೆ ಕೇರಳದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತಿತ್ತು. ತಿರುವನಂತಪುರದ ಸಮೀಪದ ತುಂಬಾ ಎಂಬ ಬೆಸ್ತರ ಹಳ್ಳಿಯನ್ನು ರಾಕೆಟ್ ಕೇಂದ್ರಕ್ಕೆ ಆರಿಸಲು, 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಲು, ಅದೇ ಮುಖ್ಯ ಕಾರಣ.

1949ರಿಂದ ಆಪಲ್ಟನ್ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಿನ್ಸಿಪಾಲರೂ ಉಪಕುಲಪತಿಗಳೂ ಆಗಿದ್ದರು. ಆಡಳಿತದ ಗದ್ದಲದ ನಡುವೆಯೂ ಅಯಾನುಗೋಳದ ಕೆಲಸವನ್ನು ಬಿಡಲಿಲ್ಲ. 1956ರಲ್ಲಿ ಬಿ.ಬಿ.ಸಿ.ಯ ಹೆಸರಾಂತ ರೀತ್ ಉಪನ್ಯಾಸಮಾಲೆಯನ್ನು ಅವರೇ ನೀಡಿದರು. ಯಾವ ಅಲೆಯನ್ನು ಅಳೆದಿದ್ದರೋ ಆ ಅಲೆಯ ಮೇಲೆಯೇ ಅವರ ದನಿ ಸಾಗಿತು. ಅದೇ ವರ್ಷದ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತೆಂಬುದನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ. 1915ರಲ್ಲಿ ಕೈಹಿಡಿದ ಪತ್ನಿ ಜೆಸ್ಸಿ 1964ರಲ್ಲಿ ಅಗಲಿದರು. ಮರುವರ್ಷ, 1965ರ ಏಪ್ರಿಲ್ 21ರಂದು, ಆಪಲ್ಟನ್ನರೂ ಎಡಿನ್‌ಬರೋದಲ್ಲಿ ಕಣ್ಣುಮುಚ್ಚಿದರು. ಆಗ ಅವರಿಗೆ 72 ವರ್ಷ.

ನಮ್ಮ ಮಾತು

ರಾಜ್ಯದ ಗಡಿಯನ್ನು ನೆಲದ ಮೇಲೆ ಎಳೆದರು. ಶಾಲೆ, ಕಚೇರಿ, ನ್ಯಾಯಾಲಯಗಳ ಭಾಷೆ ಅದರಂತೆ ಬದಲಾಯಿತು. ಆದರೆ ನೂರು ಕಿಲೋಮೀಟರ್ ಮೇಲಿನ ಆ ಪದರಕ್ಕೆ ಗಡಿಯ ಗುರುತಿರಲಿಲ್ಲ. ಇರುಳಾದೊಡನೆ ಅದು ನಮ್ಮ ಮಕ್ಕಳ ಕಿವಿಗೆ ಕನ್ನಡದ ವಾರ್ತೆ, ನಾಟಕ, ಹಾಡುಗಳನ್ನು ಇಳಿಸಿತು. ಮಲಯಾಳವನ್ನೂ ಪ್ರೀತಿಯಿಂದ ಕಲಿತ ನಮ್ಮ ಮನೆಗಳಲ್ಲಿ ಕನ್ನಡದ ಉಚ್ಚಾರಣೆ ಕೆಡದೆ ಉಳಿದಿದ್ದರೆ, ಶಾಲೆಯ ಮಾಸ್ತರರ ಜತೆಗೆ ಆ ಇರುಳಿನ ದನಿಗೂ ಅದರಲ್ಲಿ ಪಾಲಿದೆ ಎಂದು ನಾವು ನಂಬಿದ್ದೇವೆ.

ಇಂದು ಹಲವು ದೇಶಗಳಲ್ಲಿ ಮಧ್ಯಮ ತರಂಗದ ಪ್ರೇಷಕಗಳು ಒಂದೊಂದಾಗಿ ಮುಚ್ಚಿವೆ. ಕೈಯಲ್ಲಿನ ಫೋನು ಯಾವ ಊರಿನ ದನಿಯನ್ನೂ ಏರಿಳಿತವಿಲ್ಲದೆ ಕೊಡುತ್ತದೆ. ಆದರೂ ಅಟ್ಟದಲ್ಲಿ ಹಳೆಯ ರೇಡಿಯೋ ಉಳಿದಿದ್ದರೆ ಮಳೆಗಾಲ ಕಳೆದು ಗುಡುಗು ಸಿಡಿಲು ಅಡಗಿದ ಮೇಲೆ ಒಂದು ರಾತ್ರಿ ಕೆಳಗಿಳಿಸಿ ನೋಡಿ. ಎಲ್‌.ಇ.ಡಿ. ದೀಪ, ಚಾರ್ಜರುಗಳನ್ನು ಆರಿಸಿ. ಅವುಗಳ ಗುಂಯ್‌ಗುಡುವಿಕೆ ದೂರದ ದನಿಯನ್ನು ಮುಚ್ಚುತ್ತದೆ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಮುಳ್ಳನ್ನು ಮೆಲ್ಲನೆ ತಿರುಗಿಸಿ. ಯಾವುದಾದರೊಂದು ಊರಿನ ದನಿ ಏರುತ್ತ ಇಳಿಯುತ್ತ ಬಂದರೆ, ರೇಡಿಯೋದ ತಲೆಗೆ ತಟ್ಟುವ ಮೊದಲು, ಆ ಏರಿಳಿತವನ್ನು ಎಣಿಸುತ್ತ ಕೂತ ಬ್ರಾಡ್‌ಫರ್ಡ್‌ನ ಹುಡುಗನ ಕಥೆಯನ್ನು ಅವರಿಗೆ ಹೇಳಿ.