ಪಾರಂಪಳ್ಳಿ ಮಯ್ಯರ ಅಡಿಗೆಮನೆ

ಉಡುಪಿಯಲ್ಲಿ ಕುಂದಾಪುರದ ಬಸ್ಸು ಹತ್ತಿದವರು ಸಾಲಿಗ್ರಾಮ ಬಂದಾಗ ಪಾರಂಪಳ್ಳಿಯನ್ನು ಒಮ್ಮೆ ನೆನೆಯಬೇಕು. ಬೆಂಗಳೂರಿನವರು ಬೆಳ್ಳಂಬೆಳಿಗ್ಗೆ ಎದ್ದು ಕ್ಯೂ ನಿಲ್ಲುವ ಎಂ.ಟಿ.ಆರ್. ಹೋಟೆಲಿನ ಬೇರು ಇರುವುದು ಅಲ್ಲಿ. ಆ ಹೋಟೆಲಿಗೆ ಹೆಸರು ತಂದುಕೊಟ್ಟ ಹಿರಿಯರು ಯಜ್ಞನಾರಾಯಣ ಮಯ್ಯರು. ಜನರ ಬಾಯಲ್ಲಿ ಯಜ್ಞಪ್ಪ.

ಮನೆಯಲ್ಲಿ ಅನುಕೂಲ ಇದ್ದು ಘಟ್ಟ ಹತ್ತಿದವರೇನಲ್ಲ. ಪರಮೇಶ್ವರ, ಗಣಪ್ಪಯ್ಯ, ಯಜ್ಞನಾರಾಯಣ ಈ ಮೂವರು ಸೋದರರು 1920ರ ಸುಮಾರಿಗೆ ಹೊಟ್ಟೆಪಾಡಿಗಾಗಿ ಬೆಂಗಳೂರಿಗೆ ಹೋದವರು. ದೊಡ್ಡವರ ಮನೆಗಳಲ್ಲಿ ಅಡಿಗೆ ಮಾಡಿದರು. 1924ರಲ್ಲಿ, ಪರಮೇಶ್ವರ ಮಯ್ಯರು ಕೆಲಸಕ್ಕಿದ್ದ ಮನೆಯ ಯಜಮಾನರ ನೆರವಿನಿಂದಲೇ, ಲಾಲ್‌ಬಾಗ್ ಫೋರ್ಟ್ ರಸ್ತೆಯಲ್ಲಿ ಒಂದು ಸಣ್ಣ ಹೋಟೆಲು ಶುರುವಾಯಿತು. ಕಾಫಿ, ಇಡ್ಲಿ, ಅಷ್ಟೆ. ಬೋರ್ಡಿನಲ್ಲಿ ಬ್ರಾಹ್ಮಿನ್ ಕಾಫಿ ಕ್ಲಬ್ ಅಂತ ಇತ್ತು. ಆ ಕಾಲದ ಬೋರ್ಡುಗಳೇ ಹಾಗೆ ಬಿಡಿ.

1929ರಲ್ಲಿ ಪರಮೇಶ್ವರ ಮಯ್ಯರು ತೀರಿಕೊಂಡರು. ಐದು ವರ್ಷದ ಎಳೆ ವ್ಯಾಪಾರ, ನಡೆಸುತ್ತಿದ್ದವರೇ ಇಲ್ಲ ಅಂದರೆ ಬಾಗಿಲು ಹಾಕಲು ಎಷ್ಟು ಹೊತ್ತು? ಆಗ ಯಜ್ಞಪ್ಪನವರು ಬಂದು ಕೈ ಹಚ್ಚಿದರು.

ಮುಂದಿನ ಪೆಟ್ಟು ಯುದ್ಧದ್ದು. 1942ರಲ್ಲಿ ಬರ್ಮಾ ಜಪಾನಿನವರ ಕೈಗೆ ಹೋಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಇಡ್ಲಿ ಹೋಟೆಲಿಗೆ ಅಕ್ಕಿ ಇಲ್ಲ ಅಂದರೆ ಕ್ಷೌರದಂಗಡಿಗೆ ಕತ್ತರಿ ಇಲ್ಲ ಅಂದಹಾಗೆ. ಹಾಗಂತ ಒಲೆ ಆರಿಸಲಿಲ್ಲ. ರವೆ ಹುರಿದು, ಮೊಸರಿನಲ್ಲಿ ಕಲಸಿ, ಸಾಸಿವೆ ಒಗ್ಗರಣೆ, ಗೋಡಂಬಿ, ಕೊತ್ತಂಬರಿ ಹಾಕಿ ಇಡ್ಲಿ ತಟ್ಟೆಯಲ್ಲಿ ಬೇಯಿಸಿದರು. ರವೆ ಇಡ್ಲಿ ಹುಟ್ಟಿದ್ದು ಹೀಗೆ ಅನ್ನುವುದು ಎಂ.ಟಿ.ಆರ್. ಮನೆಯವರ ಮಾತು, ಊರೂ ಅದನ್ನು ಒಪ್ಪಿಕೊಂಡಿದೆ. ಅಕ್ಕಿ ತಿರುಗಿ ಬಂದ ಮೇಲೂ ರವೆ ಇಡ್ಲಿ ಹೋಗಲಿಲ್ಲ. ಇವತ್ತು ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲೂ ಸಿಗುತ್ತದೆ, ಸಾಗು ಮಾತ್ರ ಎಲ್ಲ ಕಡೆ ಒಂದೇ ತರ ಇರೋದಿಲ್ಲ.

ಅಂಗಡಿ ಇಟ್ಟವರು ಗಮನಿಸಬೇಕಾದ್ದು ಇದಕ್ಕಿಂತ ದೊಡ್ಡದು. 1951ರಲ್ಲಿ ಯಜ್ಞಪ್ಪನವರು ಯುರೋಪಿಗೆ ಹೋದರು. ಊರು ನೋಡುವ ಚಪಲಕ್ಕಲ್ಲ, ಅಲ್ಲಿನ ಹೋಟೆಲು ಹೇಗೆ ನಡೆಯುತ್ತದೆ ಅಂತ ನೋಡುವುದಕ್ಕೆ. ವ್ಯಾಪಾರ ಚೆನ್ನಾಗೇ ನಡೆಯುತ್ತಿರುವಾಗ ಇಷ್ಟು ಖರ್ಚು ಮಾಡಿಕೊಂಡು ಕಲಿಯಲು ಹೋಗುವ ಮಾಲೀಕರು ಎಷ್ಟು ಜನ? ತಿರುಗಿ ಬಂದವರು ತಟ್ಟೆ, ಲೋಟ, ಚಮಚಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಏರ್ಪಾಡು ತಂದರು. ಒಂದೇ ಬಕೆಟ್ಟಿನ ನೀರಿನಲ್ಲಿ ನೂರು ಲೋಟ ಅದ್ದಿ ತೆಗೆಯುವುದು ನಮ್ಮ ಕಡೆ ಮಾಮೂಲಾಗಿದ್ದ ಕಾಲ ಅದು! ಊಟದ ಅಭ್ಯಾಸ ಹೇಗಿರಬೇಕು ಅಂತ ಪುಟ್ಟ ಪುಸ್ತಕಗಳನ್ನೂ ಅಚ್ಚು ಹಾಕಿಸಿದರು. ಅಡಿಗೆಮನೆಯನ್ನು ಗಿರಾಕಿಗೆ ಮರೆಮಾಚಲಿಲ್ಲ. ಬೇಕಾದವರು ಕಣ್ಣಾರೆ ನೋಡಬಹುದಿತ್ತು. ಕಾಫಿಗೆ ಬೆಳ್ಳಿ ಲೋಟ ಕೊಟ್ಟಿದ್ದಕ್ಕಿಂತ ಇದು ಹೆಚ್ಚಿನ ಮರ್ಯಾದೆ.

1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ ಬಂತು. ಹಳೆಯ ಬೋರ್ಡು ಹೋಗಿ, ಜಾತಿಯ ಜಾಗದಲ್ಲಿ ಬಡಾವಣೆಯ ಹೆಸರು ಬಂದು, ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು.

ಯಜ್ಞಪ್ಪನವರು 1968ರಲ್ಲಿ ಕಣ್ಮುಚ್ಚಿದರು. ಅವರು ಹಾಕಿಕೊಟ್ಟ ಪಾಠ ಮನೆಯವರಿಗೆ ಪರೀಕ್ಷೆಯಾಗಿ ಬಂದದ್ದು ಆಮೇಲೆ, 1975ರ ತುರ್ತು ಪರಿಸ್ಥಿತಿಯಲ್ಲಿ. ತಿಂಡಿಯ ದರ ಇಳಿಸಬೇಕು ಅಂತ ಸರ್ಕಾರದ ಕಟ್ಟಪ್ಪಣೆ. ಆ ದರಕ್ಕೆ ಅದೇ ತುಪ್ಪ, ಅದೇ ಬೇಳೆ ಹಾಕಿದರೆ ನಷ್ಟ. ತುಪ್ಪ ಕಡಿಮೆ ಮಾಡಿದ್ದರೆ ಲೆಕ್ಕ ಸರಿಹೋಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಆಗ ಹೋಟೆಲು ನಡೆಸುತ್ತಿದ್ದ ಹರಿಶ್ಚಂದ್ರ ಮಯ್ಯರು ಹಾಗೆ ಮಾಡದೆ, ಆಗುವ ನಷ್ಟವನ್ನು ಬೋರ್ಡಿನಲ್ಲಿ ಬರೆದು ಹಾಕಿದರು. ಕೊನೆಗೆ ಬಾಗಿಲನ್ನೇ ಹಾಕಿದರು. ಮಸಾಲೆ ಪುಡಿ, ಮಿಕ್ಸ್‌ಗಳ ವ್ಯಾಪಾರ ಮನೆಯವರ ಕೈ ಹಿಡಿಯಿತು. ಇವತ್ತು ನಮ್ಮ ದಿನಸಿ ಅಂಗಡಿಗಳ ಶೆಲ್ಫಿನಲ್ಲಿರುವ ಪ್ಯಾಕೆಟ್ಟುಗಳು ಬೆಳೆದದ್ದು ಆ ಕಷ್ಟದಿಂದ.

ಹೋಟೆಲು ಮತ್ತೆ ತೆರೆದದ್ದು 1984ರಲ್ಲಿ. ಪ್ಯಾಕೆಟ್ಟಿನ ವ್ಯಾಪಾರವನ್ನು 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪನಿ ಕೊಂಡುಕೊಂಡಿತು. ಹೋಟೆಲನ್ನು ಮಾತ್ರ ಮಯ್ಯರ ಮನೆಯವರು ಕೊಡಲಿಲ್ಲ.